ಕೂರಿಗೆಯ ಗಾಲಿಯ ಆರೈಕೆ

ರಾಮದುರ್ಗ ತಾಲೂಕಿನ ಎರೆ ಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆಗಳನ್ನು ಟ್ರ್ಯಾಕ್ಟರ್ ಕೂರಿಗೆಯಿಂದ ಬಿತ್ತುವ ರೈತರು ಅದರ ಗಾಲಿಯ ಕಡೆಗೆ ಗಮನ ಕೊಡಬೇಕು. ನೆಲದ ಮೇಲೆ ಉರುಳುವ ಈ ಗಾಲಿಯೇ ಚೈನಿನ ಮೂಲಕ ಬೀಜ ಬೀಳಿಸುವ ಉರುಳೆಯನ್ನು ತಿರುಗಿಸುತ್ತದೆ. 40 ಸೆಂ.ಮೀ. ವ್ಯಾಸದ ಗಾಲಿಗೆ ಸುತ್ತಲೂ 2 ಸೆಂ.ಮೀ. ಹಸಿ ಮಣ್ಣು ಮೆತ್ತಿದರೆ ಅದರ ಸುತ್ತುಗಳು ಕಡಿಮೆಯಾಗಿ, ಬೀಜ ನೂರಕ್ಕೆ ಸುಮಾರು 9ರಷ್ಟು ಕಡಿಮೆ ಬೀಳುತ್ತದೆ. ಗಾಲಿ ಜಾರಿದಲ್ಲಿ ಸಾಲು ಖಾಲಿಯೇ ಉಳಿಯುತ್ತದೆ. ಹಸಿ ಆರಿದ ಮೇಲೆ ಮರಳಿ ಬಿತ್ತಿ ಪ್ರಯೋಜನವಿಲ್ಲ.

ಆದ್ದರಿಂದ ಗಾಲಿಯ ಹಿಂದೆ ಮಣ್ಣು ಕೆರೆಯುವ ಕಬ್ಬಿಣದ ಪಟ್ಟಿ ಕೂಡಿಸಬೇಕು. ಬಿತ್ತನೆಗೆ ಮುನ್ನ ಸವೆದ ಬುಶ್ ಬದಲಿಸಿ ಗ್ರೀಸ್ ಹಾಕಬೇಕು. ಸವೆದ ಹಲ್ಲುಗಳಿಗೆ ಬೆಸುಗೆ ಹಾಕಿಸಬೇಕು. ಹಂಗಾಮು ಮುಗಿದೊಡನೆ ಗಾಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ, ಕೂರಿಗೆಯನ್ನು ಹಲಗೆಯ ಮೇಲೆ ನೆರಳಿನಲ್ಲಿ ಇಡಬೇಕು.