ಮಕ್ಕಳ ದುಶ್ಚಟಗಳೂ ಪಾಲಕರ ಕರ್ತವ್ಯವೂ



ದುಶ್ಚಟವು ಗಂಡುಹುಡುಗರ ವಿಷಯವಷ್ಟೇ, ಕನ್ಯಾಶಾಲೆಯ ಸಂಚಿಕೆಯಲ್ಲಿ ಅದರ ಮಾತೇಕೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಒಂದು ಕಾಲಕ್ಕೆ ನಾನೂ ಹಾಗೆಯೇ ತಿಳಿದಿದ್ದೆನು. ಆ ಅಜ್ಞಾನದಿಂದ ಒಬ್ಬ ಹುಡುಗಿಯ ವಿದ್ಯಾಭ್ಯಾಸವು ನಿಂತುಹೋಯಿತು. ಅದನ್ನು ಮೊದಲು ಹೇಳಿ ಬಳಿಕ ಪಾಠಕ್ಕೆ ಬರುವೆನು.

ಶಿಕ್ಷಕಿಯ ತರಬೇತಿಯನ್ನು ಮುಗಿಸಿ ಬೇರೊಂದು ಊರಿನ ಶಾಲೆಯಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಚೀಲದಲ್ಲಿ ಮಿಶ್ರಿಯ ಡಬ್ಬಿಯು ಸಿಕ್ಕಿತು. ತಂಬಾಕನ್ನು ಕಪ್ಪಗೆ ಹುರಿದು ಪುಡಿಮಾಡಿ ಹಲ್ಲಿಗೆ ತಿಕ್ಕುವ ಈ ವಸ್ತುವು ಸೊಲ್ಲಾಪುರದ ಕಡೆಗೂ ನಮ್ಮ ಕಡೆಗೂ ಹೆಂಗಸರಿಗೆ ಹೊಸದಲ್ಲ. ನಾನು ಆ ಡಬ್ಬಿಯನ್ನು ಇಡೀ ತರಗತಿಗೆ ಎತ್ತಿ ತೋರಿಸಿ, ಅವಳನ್ನು ಬೈದು, ತಂದೆಯನ್ನು ಕರೆದುಕೊಂಡು ಬಾ ಎಂದು ಅಪ್ಪಣೆಮಾಡಿದೆನು. ಮರುದಿನ ಅವಳು ಬರಲಿಲ್ಲ, ಮುಂದೆಯೂ ಬರಲಿಲ್ಲ. ತಿಂಗಳೊಪ್ಪತ್ತಿನ ಮೇಲೆ ಅವಳ ಅಜ್ಜಿಯು ಬಂದು, “ಅಕ್ಕಾರ, ಹಲ್ಲು ಬ್ಯಾನಿ ಅಂತ ಅಳತಿದ್ಳರಿ. ನಾನ ಮಿಶ್ರಿ ಹಚ್ಚಿ ರೂಢಿ ಮಾಡಿಸೀನ್ರಿ. ಡಬ್ಬಿ ನಂದರಿ” ಎಂದಳು. ಅಷ್ಟರಲ್ಲಿ ಮನೆಯವರು ಹುಡುಗಿಯನ್ನು ಹೊಲದ ಕೆಲಸಕ್ಕೆ ಹಚ್ಚಿಬಿಟ್ಟಿದ್ದರು. ಡಬ್ಬಿಯನ್ನು ಕಂಡುಹಿಡಿದ ನಾನು ಹುಡುಗಿಯನ್ನು ಕಳೆದುಕೊಂಡೆನು. ಈ ಲೇಖನವು ಆ ತಪ್ಪಿನಿಂದ ಕಲಿತ ಪಾಠವಾಗಿದೆ.

ಚಟವು ಎಲ್ಲಿಂದ ಬರುವದು?

ಮೊದಲನೆಯದಾಗಿ, ಮನೆಯಿಂದಲೇ. ಹಲ್ಲುನೋವಿಗೆಂದು ಅಜ್ಜಿಯು ಹಚ್ಚುವ ಮಿಶ್ರಿ, ‘ಓಡಿಹೋಗಿ ಒಂದು ಚೀಟು ತಾ’ ಎಂದು ತಂದೆಯು ಮಗುವಿನ ಕೈಗೆ ಕೊಡುವ ರೊಕ್ಕ, ಇವೇ ಮೊದಲ ಮೆಟ್ಟಿಲು. ಅಂಗಡಿಯ ದಾರಿಯನ್ನು ನಾವೇ ತೋರಿಸಿ, ಮಗುವು ಅಲ್ಲಿಗೆ ತನಗಾಗಿ ಹೋದಾಗ ಬೆರಗಾಗುವದು ಸಲ್ಲದು.

ಎರಡನೆಯದಾಗಿ, ರಸ್ತೆಯಿಂದ. ತಿಕೋಟಾ, ಬಬಲೇಶ್ವರಗಳ ಕಡೆಯಿಂದ ಬರುವ ಮಕ್ಕಳು ಬಸ್ಸಿಗಾಗಿ ಎಷ್ಟೋ ಹೊತ್ತು ಕಾಯುವದುಂಟು. ಗುಟಖಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿಯೇ ನಿಷೇಧಿಸಿದ್ದಾರೆ. ಆದರೂ ಪಾನಮಸಾಲೆಯ ಚೀಟೊಂದು, ತಂಬಾಕಿನ ಚೀಟೊಂದು ಬೇರೆಬೇರೆಯಾಗಿ ಮಾರಾಟವಾಗಿ, ಕೊಂಡವರ ಅಂಗೈಯಲ್ಲಿ ಒಂದಾಗುತ್ತವೆ. ತಂಬಾಕಿಲ್ಲದ ಅಡಿಕೆಯು ನಿರಪಾಯವೆಂದು ತಿಳಿಯಬೇಡಿರಿ. ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಸಾರಿದೆ.

ಮೂರನೆಯದಾಗಿ, ಯಾರೂ ಸಂಶಯಪಡದ ವಸ್ತುಗಳಿಂದ: ಪಂಕ್ಚರ್ ತಿದ್ದುವ ಸೊಲ್ಯೂಶನ್, ಅಕ್ಷರ ಅಳಿಸುವ ವೈಟ್ನರ್, ಬಣ್ಣದ ಥಿನ್ನರ್. ಇವುಗಳ ಆವಿಯನ್ನು ಮೂಸುವದೂ ಅಮಲೇ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ, 10ರಿಂದ 17 ವರ್ಷದವರಲ್ಲಿ ಶೇಕಡಾ 1.17ರಷ್ಟು ಜನರು ಇದನ್ನು ಮೂಸುತ್ತಾರೆ; ದೊಡ್ಡವರಲ್ಲಿ ಆ ಪ್ರಮಾಣವು ಶೇಕಡಾ 0.58 ಮಾತ್ರ. ದೊಡ್ಡವರಿಗಿಂತ ಮಕ್ಕಳಲ್ಲಿಯೇ ಹೆಚ್ಚಾಗಿ ಕಂಡುಬಂದ ಅಮಲು ಇದೊಂದೇ.

ಗುರುತಿಸುವದು ಹೇಗೆ?

ಒಂದೇ ಲಕ್ಷಣದಿಂದ ತೀರ್ಪು ಕೊಡಬಾರದು. ಹರೆಯಕ್ಕೆ ಬರುವ ಮಕ್ಕಳಲ್ಲಿ ಸಿಟ್ಟು, ಮೌನಗಳು ಸಹಜ. ಎರಡು ಮೂರು ಲಕ್ಷಣಗಳು ಒಟ್ಟಿಗೆ ಕೂಡಿ, ಎರಡು ಮೂರು ವಾರ ನಿಂತರೆ ಎಚ್ಚರಗೊಳ್ಳಬೇಕು.

1. ಮನೆಯಲ್ಲಿ ಚಿಲ್ಲರೆ ರೊಕ್ಕವು ಮೇಲಿಂದ ಮೇಲೆ ಕಾಣೆಯಾಗುವದು.
2. ಹಳೆಯ ಗೆಳತಿಯರನ್ನು ಬಿಡುವದು. ಹೊಸಬರ ಹೆಸರನ್ನು ಹೇಳದಿರುವದು.
3. ಅಭ್ಯಾಸದಲ್ಲಿ ತಟ್ಟನೆ ಹಿಂದೆ ಬೀಳುವದು; ನಿದ್ರೆ, ಊಟಗಳ ಹೊತ್ತು ತಪ್ಪುವದು.
4. ದಿನಕ್ಕೆ ನಾಲ್ಕಾರು ಸಲ ಹಲ್ಲು ತಿಕ್ಕುವದು. ಬಚ್ಚಲುಮನೆಯಲ್ಲಿ ಬಹಳ ಹೊತ್ತು ಕಳೆಯುವದು.
5. ಬಟ್ಟೆಗೆ ಬಣ್ಣದ ಎಣ್ಣೆಯಂಥ ವಾಸನೆ. ಕರವಸ್ತ್ರದ ಮೇಲೆ ಕಲೆ. ಮೂಗಿನ ಸುತ್ತ ಗುಳ್ಳೆ.
6. ಖಾರದ ಊಟಕ್ಕೆ ಬಾಯಿ ಉರಿಯುವದು. ತನ್ನವೇ ಮೂರು ಬೆರಳುಗಳು ಉದ್ದಕ್ಕೆ ಹಿಡಿಸುವಷ್ಟು ಬಾಯಿ ತೆರೆಯದಿರುವದು. ಇದು ಅಡಿಕೆಯಿಂದ ಬರುವ ರೋಗದ ಗುರುತು. ಕೂಡಲೇ ಹಲ್ಲಿನ ವೈದ್ಯರಿಗೆ ತೋರಿಸಬೇಕು.

ಕೇಳುವದು ಹೇಗೆ?

ಇಳಕಲ್ಲಿನ ಮಹಾಂತ ಶಿವಯೋಗಿಗಳನ್ನು ಅರಿಯದವರು ನಮ್ಮಲ್ಲಿ ವಿರಳ. ಇಳಕಲ್ಲು 1997ರ ವರೆಗೆ ನಮ್ಮ ಜಿಲ್ಲೆಯಲ್ಲಿಯೇ ಇದ್ದಿತು. ಅವರು ಹೆಗಲಿಗೆ ಜೋಳಿಗೆಯನ್ನು ಹಾಕಿಕೊಂಡು ಊರೂರು ತಿರುಗಿ, ಕಾಳನ್ನಾಗಲಿ ರೊಕ್ಕವನ್ನಾಗಲಿ ಬೇಡದೆ, ‘ನಿಮ್ಮ ಚಟಗಳನ್ನು ಈ ಜೋಳಿಗೆಗೆ ಹಾಕಿರಿ’ ಎಂದು ಬೇಡುತ್ತಿದ್ದರು. 2018ರಲ್ಲಿ ಅವರು ತೀರಿಕೊಂಡರು. ಅವರು ಹುಟ್ಟಿದ ಆಗಸ್ಟ್ 1ನೆಯ ದಿನವನ್ನು ನಮ್ಮ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಅವರ ರೀತಿಯಲ್ಲಿ ನನಗೆ ಕಂಡ ತಿರುಳು ಇದು: ಜೋಳಿಗೆಯು ಚಟವನ್ನು ಬೇಡುವದು, ಮನುಷ್ಯನ ಮಾನವನ್ನು ಬೇಡುವದಿಲ್ಲ. ನಾನು ಆ ತರಗತಿಯಲ್ಲಿ ಹುಡುಗಿಯ ಮಾನವನ್ನು ಕಸಿದುಕೊಂಡೆನು. ಚಟವು ಅವಳಲ್ಲಿಯೇ ಉಳಿಯಿತು.

ಆದುದರಿಂದ, ಮಗುವಿನ ಹತ್ತಿರ ಏನಾದರೂ ಸಿಕ್ಕರೆ ಮೊದಲು ತಮ್ಮ ಸಿಟ್ಟು ಇಳಿಯಲಿ. ಮಗುವು ಅಮಲಿನಲ್ಲಿದ್ದರೆ ಅಂದು ವಿಚಾರಣೆ ಬೇಡ. ಎಚ್ಚರ ತಪ್ಪಿದರೆ ಅಥವಾ ಉಸಿರಾಟ ಕೆಟ್ಟರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮರುದಿನ ನೆಂಟರೂ ಒಡಹುಟ್ಟಿದವರೂ ಇಲ್ಲದ ಹೊತ್ತಿನಲ್ಲಿ ಹತ್ತಿರ ಕೂಡಿಸಿಕೊಂಡು, “ಯವ್ವಾ, ನಿನ್ನ ಚೀಲದಾಗ ಇದು ಸಿಕ್ತು. ನಾ ಬಡ್ಯಾಕ ಬಂದಿಲ್ಲ. ಯಾವಾಗಿಂದ ಐತಿ, ಹೇಳು” ಎಂದಿಷ್ಟೇ ಕೇಳಿರಿ, ಬಳಿಕ ಸುಮ್ಮನೆ ಆಲಿಸಿರಿ. ಮೊದಲ ಸಲ ಸುಳ್ಳು ಹೇಳಿದರೂ ಬಾಗಿಲು ಮುಚ್ಚಬೇಡಿರಿ. ಬಡಿಯುವದು, ಶಾಲೆ ಬಿಡಿಸುವದು, ‘ಲಗ್ನ ಮಾಡಿದರೆ ನೆಟ್ಟಗಾಗುವಳು’ ಎನ್ನುವದು, ಈ ಮೂರೂ ಮದ್ದಲ್ಲ. ಹದಿನೆಂಟು ತುಂಬದ ಹುಡುಗಿಯ ಲಗ್ನವು ಕಾಯದೆಗೂ ವಿರುದ್ಧ.

ಬಿಡಿಸುವದು ಹೇಗೆ?

ತಂಬಾಕು ಬಿಟ್ಟ ಮೊದಲ ದಿನಗಳಲ್ಲಿ ಸಿಡಿಮಿಡಿ, ತಲೆನೋವು, ನಿದ್ರೆಗೇಡುಗಳು ಬರುವವು. ಅದು ಹಟವಲ್ಲ, ದೇಹದ ಬೇಡಿಕೆ. ಆಸೆಯು ಉಕ್ಕಿ ಬಂದರೂ ಕೆಲವು ನಿಮಿಷಗಳಲ್ಲಿ ಇಳಿಯುವದು. ಆ ಹೊತ್ತಿಗೆ ನೀರು, ಹುರಿಗಡಲೆ, ತಿಕೋಟಾದ ಒಣದ್ರಾಕ್ಷಿಯ ನಾಲ್ಕು ಕಾಳು, ಜೊತೆಗೆ ಒಂದು ಮಾತು, ಇಷ್ಟಾದರೂ ಕೈಯಲ್ಲಿರಲಿ. ಸೆರೆಯನ್ನಾಗಲಿ ಅಮಲಿನ ಗುಳಿಗೆಗಳನ್ನಾಗಲಿ ಬಹುದಿನ ಸೇವಿಸಿದವರು ಮಾತ್ರ ವೈದ್ಯರನ್ನು ಕೇಳದೆ ಒಮ್ಮೆಲೇ ಬಿಡಬಾರದು, ಅದರಿಂದ ಪ್ರಾಣಾಪಾಯವಾಗಬಹುದು.

ಸಹಾಯವು ಹತ್ತಿರದಲ್ಲಿಯೇ ಇದೆ. ಟೆಲಿ ಮನಸ್ ಎಂಬ ಸರಕಾರಿ ಸೇವೆಯು 14416ನೆಯ ಸಂಖ್ಯೆಯಲ್ಲಿ ಹಗಲಿರುಳು ಕನ್ನಡದಲ್ಲಿ ಉತ್ತರಿಸುವದು. ತಂಬಾಕು ಬಿಡುವವರಿಗಾಗಿ 1800 11 2356 ಇದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರೂ, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯವರೂ ಚಿಕಿತ್ಸೆ ಕೊಡುವರು. ಮಗುವಿಗೆ ತಂಬಾಕು ಅಥವಾ ಸೆರೆ ಕೊಟ್ಟವನಿಗೆ 2015ರ ಬಾಲನ್ಯಾಯ ಕಾಯದೆಯಲ್ಲಿ 7 ವರ್ಷಗಳ ವರೆಗೆ ಕಠಿಣ ಸಜೆಯಿದೆ. ಶಿಕ್ಷೆಯು ಮಾರುವವನಿಗಿರಲಿ, ಚಿಕಿತ್ಸೆಯು ಮಗುವಿಗಿರಲಿ.

ಕೊನೆಗೆ ಒಂದು ವಿನಂತಿ. ಇಂದು ರಾತ್ರಿ ತಮ್ಮ ಮನೆಯಲ್ಲಿರುವ ಮಿಶ್ರಿಯ ಡಬ್ಬಿ, ತಂಬಾಕಿನ ಚೀಟುಗಳನ್ನು ಹುಡುಕಿ ನೋಡಿರಿ. ನಾಳೆಯಿಂದ ಆ ಕೆಲಸಕ್ಕೆ ಮಗುವನ್ನು ಅಂಗಡಿಗೆ ಕಳುಹಿಸಬೇಡಿರಿ. ಮಗಳ ವಿಷಯವಾಗಿ ಸಂಶಯವಿದ್ದರೆ ನನ್ನ ಕೋಣೆಗೆ ಬನ್ನಿರಿ. ಬಾಗಿಲು ಹಾಕಿಕೊಂಡು ಮಾತಾಡೋಣ. ಅವಳ ಹೆಸರು ತರಗತಿಯ ವರೆಗೆ ಹೋಗದು, ಹಾಜರಿ ಪಟ್ಟಿಯಿಂದಲೂ ಹೋಗದು.