ಹಿಮ್ಮಡಿಯ ನಾಲ್ಕು ಹನಿ ರಕ್ತ

ಮಗು ಹುಟ್ಟಿದೊಡನೆ ಬಲಗಿವಿಯಲ್ಲಿ ಬಾಂಗ್ ಹೇಳುತ್ತೇವೆ. ಏಳನೆಯ ದಿನ ಅಕೀಕಾ. ಈ ನಡುವೆ ಮಗುವಿನ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆಸಿದಿರಾ? ‘ಚೆನ್ನಾಗಿ ಹಾಲು ಕುಡಿಯುತ್ತದೆ, ಸೂಜಿ ಯಾತಕ್ಕೆ?’ ಎನ್ನುತ್ತೀರಿ.

ಸಹೋದರಿಯರೇ, ತೊಡಕಿರುವುದೇ ಅಲ್ಲಿ. ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದ ಶಿಶು ಮೊದಲ ವಾರಗಳಲ್ಲಿ ಹೆಚ್ಚಾಗಿ ಉಳಿದ ಶಿಶುಗಳಂತೆಯೇ ಕಾಣುತ್ತದೆ. ಲಕ್ಷಣಗಳು ಗೋಚರಿಸುವಷ್ಟರಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾಗಿರುತ್ತದೆ. ಆ ನಷ್ಟ ತುಂಬಿ ಬರುವುದು ಕಷ್ಟ. ಎರಡು ವಾರಗಳೊಳಗೆ ಚಿಕಿತ್ಸೆ ಆರಂಭಿಸಿದರೆ ದಿನಕ್ಕೊಂದು ಅಗ್ಗದ ಗುಳಿಗೆಯಿಂದಲೇ ಮಗು ಸಾಮಾನ್ಯವಾಗಿ ಇತರರಂತೆ ಬೆಳೆಯುತ್ತದೆ.

ರಕ್ತ ತೆಗೆಯಲು ಹುಟ್ಟಿದ 48ರಿಂದ 72 ಗಂಟೆಗಳ ನಡುವಿನ ವೇಳೆ ಉತ್ತಮ. ಬಾಂಗ್ ಹೇಳಿದ ಕಿವಿಗೆ ಅದು ಕೇಳಿಸಿತೇ ಎಂಬ ಪರೀಕ್ಷೆಗೆ ಸೂಜಿಯೂ ಬೇಡ. ಮಗು ಮಲಗಿದ್ದಾಗಲೇ ಆಗುತ್ತದೆ. ಒಂದು ತಿಂಗಳೊಳಗೆ ಮಾಡಿಸಿ.

ತವಕ್ಕುಲ್ ಸಾಲದೇ ಎನ್ನುವವರಿದ್ದಾರೆ. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆಯಿಡಲು ಪ್ರವಾದಿವರ್ಯರು(ಸ) ಕಲಿಸಿದರಲ್ಲವೇ?

ಮಾಜಾಳಿಯ ಗಡಿಯಾಚೆ ಗೋವಾ ಸರಕಾರ 2008ರಲ್ಲೇ ಇಂಥ ತಪಾಸಣೆ ಆರಂಭಿಸಿತ್ತು. ನಮ್ಮವರು ಕಾಳಿ ಸೇತುವೆ ದಾಟಿ ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಲಿ. ಅಕೀಕಾದ ಕುರಿಯ ಬೆಲೆ ವಿಚಾರಿಸುವ ತಂದೆಗೆ ಇದೇನೂ ಭಾರವಲ್ಲ. ಮೊದಲ ವರದಿಯಲ್ಲಿ ಸಂಶಯ ಕಂಡರೆ ಗಾಬರಿಯಾಗಬೇಡಿ, ರೋಗ ಇನ್ನೂ ಖಚಿತವಾಗಿಲ್ಲ. ಎರಡನೆಯ ಪರೀಕ್ಷೆಗೆ ಮಾತ್ರ ತಡಮಾಡದೆ ಹೋಗಿ.