ಹಾಸ್ಟೆಲ್ ರೂಮಿನಲ್ಲಿ ಕಷಾಯ: ಎಲ್ಲಿವರೆಗೆ?

ನಮ್ಮೂರು ಶಿರಸಿ ಕಡೆ. ಹಾಸ್ಟೆಲ್‌ಗೆ ಹೊರಟಾಗ ಅಜ್ಜಿ ಒಂದು ಡಬ್ಬಿ ಕಷಾಯದ ಪುಡಿ ಕೊಟ್ಟಿದ್ದರು. ಹೋದ ಸೆಮಿಸ್ಟರ್‌ನಲ್ಲಿ ಆ ಡಬ್ಬಿಯಿಂದ ನಾನೊಂದು ಪಾಠ ಕಲಿತೆ.

ಮಾಡೋದು ಹೇಗೆ?
ಕೊತ್ತಂಬರಿ ಬೀಜ ನಾಲ್ಕು ಚಮಚ, ಜೀರಿಗೆ ಎರಡು ಚಮಚ, ಕಾಳುಮೆಣಸು ಅರ್ಧ ಚಮಚ ತಗೊಂಡು ಸಣ್ಣ ಉರಿಯಲ್ಲಿ ಹುರಿಯಿರಿ. ಪರಿಮಳ ಬಂದ ಮೇಲೆ ಒಂದು ಸಣ್ಣ ತುಂಡು ಒಣಶುಂಠಿ, ಎರಡು ಏಲಕ್ಕಿ ಸೇರಿಸಿ ಪುಡಿ ಮಾಡಿ. ರೂಮಿನಲ್ಲಿ ಕೆಟಲ್ ಇದ್ದರೆ ಅದರಲ್ಲಿ ನೀರಷ್ಟೇ ಕುದಿಸಿ. ಲೋಟಕ್ಕೆ ಒಂದು ಚಮಚ ಪುಡಿ ಹಾಕಿ, ನೀರು ಸುರಿದು ಐದು ನಿಮಿಷ ಮುಚ್ಚಿಡಿ. ಮುಚ್ಚದಿದ್ರೆ ಪರಿಮಳ ಕೊಡೋ ಎಣ್ಣೆಗಳು ಆವಿಯಾಗಿ ಹೋಗ್ತವೆ. ಸೋಸಿ, ಬೆಲ್ಲ ಹಾಕಿ ಕುಡಿಯಿರಿ.

ಟೀ ಬದಲು ಯಾಕೆ?
ಈ ಕಷಾಯದಲ್ಲಿ ಕೆಫೀನ್ ಇಲ್ಲ. ಕೆಫೀನ್‌ನ ಅರ್ಧಾಯು ಸುಮಾರು 5 ಗಂಟೆ. ಅಂದ್ರೆ ರಾತ್ರಿ 9ಕ್ಕೆ ಕುಡಿದ ಟೀಯ ಕೆಫೀನ್‌ನಲ್ಲಿ ಅರ್ಧದಷ್ಟು 2 ಗಂಟೆಗೂ ಮೈಯಲ್ಲೇ ಇರುತ್ತೆ. ಜೊತೆಗೆ, ಟೀಯಲ್ಲಿರೋ ಟ್ಯಾನಿನ್ ಸೊಪ್ಪು, ಕಾಳುಗಳ ಕಬ್ಬಿಣಾಂಶ ದೇಹಕ್ಕೆ ಸೇರೋದನ್ನ ಕಡಿಮೆ ಮಾಡುತ್ತೆ. ಹಾಗಾಗಿ ಊಟ ಆದ ತಕ್ಷಣ ಟೀ ಬೇಡ, ಒಂದು ಗಂಟೆ ಬಿಡಿ. ಗಂಟಲು ಕೆರೆತಕ್ಕೆ ಬಿಸಿ ಕಷಾಯ ಹಿತ. ಶುಂಠಿ ವಾಕರಿಕೆಯನ್ನೂ ತಗ್ಗಿಸುತ್ತೆ.

ಎಲ್ಲಿ ನಿಲ್ಲಿಸಬೇಕು?
ಇಂಟರ್ನಲ್ಸ್ ವಾರದಲ್ಲಿ ನನಗೆ ಜ್ವರ ಬಂತು. ಮೂರು ದಿನ ಬರೀ ಕಷಾಯ ಕುಡಿದು ಮಲಗಿದೆ. ನಾಲ್ಕನೇ ದಿನ ರೂಮ್‌ಮೇಟ್ ಎಳ್ಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದ. ಡೆಂಗ್ಯೂ! ಕಷಾಯ ಗಂಟಲಿಗೆ ಹಿತ ಕೊಟ್ಟಿತ್ತು, ಆದರೆ ಅದನ್ನ ನಂಬ್ಕೊಂಡು ನಾನು ಮೂರು ದಿನ ಕಳೆದಿದ್ದೆ. ಡೆಂಗ್ಯೂನಲ್ಲಿ ಜ್ವರ ಇಳಿಯೋ ಹೊತ್ತೇ ಅಪಾಯದ ಹೊತ್ತು. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆಸ್ಪಿರಿನ್, ಐಬುಪ್ರೊಫೆನ್ ನೀವೇ ತಗೋಬೇಡಿ, ರಕ್ತಸ್ರಾವ ಹೆಚ್ಚಬಹುದು.

ಗಿಡಮೂಲಿಕೆ ಅಂದ ಮಾತ್ರಕ್ಕೆ ಎಷ್ಟು ಬೇಕಾದ್ರೂ ಕುಡೀಬಹುದು ಅಂತಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ತಗೊಂಡ ಕೆಲವರಲ್ಲಿ ಲಿವರ್ ತೊಂದರೆ ಕಂಡಿದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಜ್ಯೇಷ್ಠಮಧು ಅತಿಯಾದರೆ ಬಿ.ಪಿ. ಏರುತ್ತೆ. ದಿನಾ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳಿಯೇ ಇವನ್ನ ಶುರು ಮಾಡಿ.

ವಿಷಯ ಗೊತ್ತಾದಾಗ ಅಜ್ಜಿ ಫೋನಿನಲ್ಲಿ ಬೈದರು: "ಕಷಾಯ ಕುಡಿ ಅಂದಿದ್ದೆ. ಡಾಕ್ಟರ ಹತ್ರ ಹೋಗಬೇಡ ಅಂದಿದ್ನಾ?"

ಡಬ್ಬಿ ಈಗಲೂ ನನ್ನ ಟೇಬಲ್ ಮೇಲಿದೆ. ಪಕ್ಕದಲ್ಲಿ ಥರ್ಮಾಮೀಟರ್ ಕೂಡ ಇದೆ.